ಅನಾನುಕೂಲಕ್ಕೆ ವಿಷಾದ

ಮನೆಯಿಂದ,
ಭಾನುವಾರ, ಮಾರ್ಚ್ ಹತ್ತು

ಪ್ರೀತಿಯ ರೀ,

ಹೇಗಿದ್ದೀರಿ? ಸೊಂಟನೋವು ಕಡಿಮೆಯಾಯಿತೇ? ಹಡಗಿನ ಅಡುಗೆಮನೆಯ ಆ ದೊಡ್ಡ ಪಾತ್ರೆಗಳನ್ನು ಒಬ್ಬರೇ ಎತ್ತಬೇಡಿ ಎಂದರೆ ಕೇಳುವ ಜಾತಿಯಲ್ಲ ನೀವು. ಮಗಳು ಆರಾಮಾಗಿದ್ದಾಳೆ. ಗೋಡೆಯ ಮೇಲೆಲ್ಲ ಅಪ್ಪನ ಹಡಗು ಗೀಚುತ್ತಾಳೆ. ನೋಡಿದರೆ ಬದನೆಕಾಯಿಯಂತಿದೆ, ಆದರೆ ಅವಳೆದುರು ಹಾಗೆನ್ನುವಂತಿಲ್ಲ.

ಇನ್ನು, ಫೋನಿನಲ್ಲಿ ಹೇಳಲಾಗದೆ ಉಳಿದ ವಿಷಯ. ಹೆರಿಗೆಯಲ್ಲಿ ಮಗಳನ್ನು ಇಕ್ಕಳ ಹಾಕಿ ಎಳೆದರಲ್ಲ, ಅವತ್ತು ನನಗೆ ಒಳಗೆ ಹಿಂಬದಿಯವರೆಗೂ ಹರಿದಿತ್ತು. ಮೇಲಿನ ಚರ್ಮವನ್ನಷ್ಟೇ ಹೊಲಿದು ಕಳಿಸಿದರು. ಮಲ ತಡೆಯುವ ಸ್ನಾಯು ಹರಿದದ್ದನ್ನು ಯಾರೂ ನೋಡಲಿಲ್ಲ. ಅಂದಿನಿಂದ ನನಗೆ ಹಿಡಿತವೇ ಇಲ್ಲ. ಹಿಂದೆ ಬಸ್ಸಿನ ತುಂಬ ಜನ, ಮುಂದೆ ಕೆಂಪು ದೀಪ, ಡ್ರೈವರ್ ಸೀಟಿನಲ್ಲಿ ಕೂತಲ್ಲೇ ಬಟ್ಟೆ ಕೊಳೆಯಾಗುತ್ತದೆ. ಇದನ್ನು ಇನ್ನೂ ಬಿಡಿಸಿ ಬರೆಯಲಾರೆ. ಡಿಪೋದಲ್ಲಿ ಕಾಡಿ ಬೇಡಿ ಡ್ಯೂಟಿಯನ್ನು ಬಸ್ ಪಾಸ್ ಕೌಂಟರಿಗೆ ಬದಲಾಯಿಸಿಕೊಂಡೆ. ನಿಮಗೆ ಬೆನ್ನುನೋವು ಎಂದಿದ್ದೆ.

ಹೆರಿಗೆ ಮಾಡಿಸಿದ ದೊಡ್ಡ ಡಾಕ್ಟರ ಬಳಿ ಮತ್ತೆ ಮತ್ತೆ ಹೋದೆ. ಆ ಮಹಾನುಭಾವನಿಗೆ ಕೈಗಡಿಯಾರ ನೋಡಲು ಇದ್ದ ಪುರುಸೊತ್ತು ನನ್ನನ್ನು ನೋಡಲು ಇರಲಿಲ್ಲ. (ಏಕವಚನಕ್ಕೆ ಬೈಯಬೇಡಿ, ಬಹುವಚನ ಗಿಟ್ಟಿಸುವಂಥ ಕೆಲಸವನ್ನು ಆತ ಮಾಡಿಲ್ಲ.) ಹೆತ್ತವರಿಗೆಲ್ಲ ಹೀಗೇ, ಬಾಳೆಹಣ್ಣು ಕಡಿಮೆ ತಿನ್ನಿ ಎಂದ. ಕೊನೆಗೆ ನನ್ನ ಕಾಟ ತಾಳಲಾರದೆ ಮನಸ್ಸಿಗೆ ಮಾತ್ರೆ ಬರೆದ. ಹರಿದದ್ದು ಎಲ್ಲಿ, ಮಾತ್ರೆ ಎಲ್ಲಿಗೆ ನೋಡಿ. ನಿಮ್ಮ ಅಕ್ಕನೂ ನಾವೇನು ಹೆತ್ತಿಲ್ಲವೇ ಎಂದು ಮೂಗು ಮುರಿದರು. ಹೆತ್ತಿದ್ದಾರೆ, ಪಾಪ. ಆಮೇಲೆ ಬಾಯಿ ಮುಚ್ಚುವುದನ್ನು ಮರೆತಿದ್ದಾರೆ.

ಬೇರೆ ಆಸ್ಪತ್ರೆಯ ಲೇಡಿ ಡಾಕ್ಟರೊಬ್ಬರು ಕೈಗವಸು ಹಾಕಿ ಪರೀಕ್ಷೆ ಮಾಡಿದರು. ಅಷ್ಟೇ ಸಾಕಾಯಿತು. "ಇಷ್ಟು ದಿನ ಯಾರೂ ಮುಟ್ಟಿ ನೋಡ್ಲೇ ಇಲ್ವಾ?" ಎಂದರು. ನಾನು ಮಂಚದ ಮೇಲೇ ಅತ್ತುಬಿಟ್ಟೆ. ಸ್ನಾಯು ಹರಿದದ್ದು ಸ್ಕ್ಯಾನಿನಲ್ಲೂ ಕಂಡಿತು. ವಕೀಲರನ್ನು ಹಿಡಿದು ಗ್ರಾಹಕರ ಕೋರ್ಟಿನಲ್ಲಿ ಆಸ್ಪತ್ರೆಯ ಮೇಲೆ ದೂರು ಹಾಕಿದೆ.

ಹೋದ ತಿಂಗಳು ವಿಚಾರಣೆ. ಆಸ್ಪತ್ರೆ ಕಡೆಯ ವಕೀಲನದು ಇಸ್ತ್ರಿ ಹಾಕಿದ ಅಂಗಿ, ಇಸ್ತ್ರಿ ಹಾಕಿದ ಮಾತು. ಬಸ್ಸಿನ ಕುಲುಕಾಟದಿಂದ ಹೀಗಾಗಿರಬಹುದು ಎಂದು ವಾದಿಸಿದ. ಹಾಗಾದರೆ ನಮ್ಮ ಡಿಪೋದ ಗಂಡಸರೆಲ್ಲ ಬಾಣಂತಿಯರೇ ಇರಬೇಕು. ದೊಡ್ಡ ಡಾಕ್ಟರ್ ನನ್ನತ್ತ ಕೈ ತೋರಿಸಿ, ಈಕೆ ಸರಿಯಾಗಿ ಹೇಳಲೇ ಇಲ್ಲ ಎಂದ. ನನ್ನ ಸರದಿ ಬಂದಾಗ ಎದ್ದೆ. ಅವನ ಕಡೆಗೇ ತಿರುಗಿದೆ.

"ನಾನು ಹೇಳಿದ್ದೆ ಡಾಕ್ಟರೇ, ನೀವು ನೋಡ್ಲಿಲ್ಲ. ನೋಡೋಕೆ ಅಸಹ್ಯ ಆಯ್ತಾ, ಇಲ್ಲಾ ಕೆಲಸಾನೇ ಗೊತ್ತಿರ್ಲಿಲ್ವಾ? ಯಾವ್ದು ಅಂತ ಹೇಳಿ, ಸಾಕು."

ಅವನು ಗಡಿಯಾರ ನೋಡಿಕೊಂಡ. ಹೊರಗೆ ವರಾಂಡದಲ್ಲಿ ಇಸ್ತ್ರಿ ವಕೀಲ ಬಂದು, ಎಲ್ಲೂ ಬಾಯಿ ಬಿಡದಿದ್ದರೆ ಪರಿಹಾರ ಈಗಲೇ ಕೊಡಿಸುತ್ತೇನೆ ಎಂದು ಪಿಸುಗುಟ್ಟಿದ. ಬೇಡವೆಂದೆ. ಶುಕ್ರವಾರ ತೀರ್ಪು ಬಂತು. ತಪ್ಪು ಆಸ್ಪತ್ರೆಯದೇ. ಪರಿಹಾರವನ್ನೂ ಆಪರೇಷನ್ ಖರ್ಚನ್ನೂ ಅವರೇ ಕೊಡಬೇಕು. ಆ ಡಾಕ್ಟರ್ ಮಾತ್ರ ಅದೇ ಕುರ್ಚಿಯಲ್ಲಿ ಇದ್ದಾನೆ. ನನಗಾದ 'ಅನಾನುಕೂಲಕ್ಕೆ' ವಿಷಾದಿಸುತ್ತಾನಂತೆ. ಬಸ್ಸು ತಡವಾದರೆ ನಾವೂ ಅದೇ ಹಲಗೆ ನೇತು ಹಾಕುತ್ತೇವೆ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ನಿಮ್ಮ ಜೊತೆಯವರನ್ನೆಲ್ಲ ಕೇಳಿದೆನೆಂದು ಹೇಳಿ. ಮಗಳದೊಂದು ಮುತ್ತು.

ಇಂತು ನಿಮ್ಮ
ಡ್ರೈವರಮ್ಮ

ತಾ.ಕ.: ಹೋದ ರಜೆಯಲ್ಲಿ ನಾನು ಮಗುವಿನ ನೆಪ ಹೇಳಿ ಬೇರೆ ಕೋಣೆಯಲ್ಲಿ ಮಲಗಿದೆ. ಹೊರಡುವ ದಿನ ಚಪ್ಪಲಿ ಮೆಟ್ಟಿಕೊಳ್ಳುತ್ತ, ಮುಖ ತೋರಿಸದೆ, "ನಾನು ಬೇಡ ಅಂತಾದ್ರೆ ಹೇಳ್ಬಿಡು" ಎಂದಿರಿ. ವಾಸನೆ ಬಂದೀತೆಂದು ಹತ್ತಿರ ಬರಲು ಹೆದರಿದ್ದೆ ರೀ, ಅಷ್ಟೇ. ಮುಂದಿನ ತಿಂಗಳು ಆಪರೇಷನ್. ಪೂರ್ತಿ ಸರಿಹೋಗುತ್ತದೆಂದು ಲೇಡಿ ಡಾಕ್ಟರು ಮಾತು ಕೊಟ್ಟಿಲ್ಲ. ನೀವು ಬೇಕು. ರಜೆ ಹಾಕಿ ಬನ್ನಿ.