ಓಗ್ಬತ್ತೀನಿ ಅಂದಿದ್ದು

ಅಜ್ಜೀ,

ಜಪಾನಲ್ಲಿ ಚೆನ್ನಾಗಿವ್ನಿ. ಶೀತ ಬುಡ್ತು. ನೀನು ಕಟ್ಟಿಕೊಟ್ಟ ರಾಗಿ ಹಿಟ್ಟು ಇನ್ನೊಂದು ವಾರ ಬತ್ತದೆ.

ನಮ್ಮ ಹಾಸ್ಟೆಲ್ ಬಾಗ್ಲು ಕಾಯೋಳು ನಿನ್ನಂಗೇ ಒಬ್ಬ ಮುದುಕಿ. ಯೂನಿವರ್ಸಿಟಿಗೆ ಒಂಟೋರೆಲ್ಲ ಅವಳಿಗೆ ‘ಇತ್ತೆಕಿಮಸು’ ಅನ್ಬೇಕು. ಅನ್ನದೆ ಜಾರ್ಕೊಂಡ್ರೆ ಪೊರಕೆ ಹಿಡ್ಕೊಂಡೇ ಗೇಟ್ ತಂಕ ಬತ್ತಾಳೆ. ಅಂಗಂದ್ರೇನು ಗೊತ್ತಾ? ‘ಓಗ್ಬತ್ತೀನಿ’ ಅಂತಲೇ ಕಣಜ್ಜಿ! ‘ಓಯ್ತೀನಿ’ ಅಂದೋರ್ನ ನೀನು ಬಯ್ದು ತಿರ್ಗಾ ಕೂರುಸ್ತಿದ್ದಲ್ಲ, ಅಂಗೇ ಇವಳೂ.

ಇವತ್ತು ಬೂರುಗದ ಅರಳೆ ಉದುರ್ದಂಗೆ ಹಿಮ ಬೀಳ್ತಿತ್ತು. ಪರೀಕ್ಷೆ ಗಡಿಬಿಡೀಲಿ ಜಪಾನಿ ಮಾತು ಮರ್ತೋಗಿ, ‘ಓಗ್ಬತ್ತೀನವ್ವಾ’ ಅಂದ್ಬುಟ್ಟೆ. ಅವಳಿಗೆ ಏನರ್ಥ ಆಯ್ತೋ, ಪೊರಕೆ ಕೆಳಗಿಟ್ಟು, ಸೊಂಟ ಬಗ್ಗಿಸಿ, ಅವಳ ಜಪಾನಿ ಮಾತಲ್ಲೇ ‘ಓಗ್ಬಾ’ ಅಂದ್ಲು. ನಿನ್ನ ದನಿ ಕೇಳ್ದಂಗಾಗಿ ಗೇಟ್ ತಾವೇ ಕಣ್ಣಲ್ಲಿ ನೀರು ಬಂದ್ಬುಡ್ತು.

ಕಾರ್ಡಲ್ಲಿ ಜಾಗ ಇಲ್ಲ, ಇಷ್ಟು ಕೇಳು. ಇಲ್ಲಿ ದಿನಾ ಓಗಿ ದಿನಾ ಬತ್ತಿವ್ನಿ. ಆದ್ರೆ ಅವತ್ತು ನಮ್ಮೂರ ಹ್ಯಾಂಡ್‌ಪೋಸ್ಟಲ್ಲಿ ಬಸ್ ಹತ್ತೋವಾಗ ನಿಂಗೆ ‘ಓಗ್ಬತ್ತೀನಿ’ ಅಂದಿದ್ನಲ್ಲ, ಅದ್ರಲ್ಲಿ ಓಗಿದ್ದೊಂದೇ ಆಗಿರೋದು ಅಜ್ಜಿ. ಬರೋದು ಇನ್ನೂ ಅಂಗೇ ಅದೆ.

ಶಿವಾನಿ