ಕೊಂಬಿನ ತಲೆಬುರುಡೆ

ಮನೆಯಿಂದ,
ಮಾರ್ಚ್ ೧೪, ಗುರುವಾರ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಯಂತ್ರಕ್ಕೆ ಸಿಕ್ಕಿದ ಬೆರಳು ಈಗ ಮಡಚಲು ಬರುತ್ತದೆಯೇ? ಗಿಟಾರ್ ಮುಟ್ಟುವುದೇ ಇಲ್ಲ ಎಂದು ಬರೆದಿದ್ದೆ. ಅಂಗಿಯ ಗುಂಡಿ ಹಾಕಿಕೊಳ್ಳಲಾದರೂ ಬಂದರೆ ಸಾಕು. ನಾನು ಇದ್ದೇನೆ. ಕನ್ನಡಕ ಇನ್ನಷ್ಟು ದಪ್ಪವಾಗಿದೆ. ಅದೇ ಅಚ್ಚುಕೂಟ, ಸೋಪಿನ ಹೊದಿಕೆಗೆ ಅದೇ ಹೂ ಬರೆಯುವ ಕೆಲಸ.

ಕುಳಿತುಕೊಂಡು ಓದು. ಅಪ್ಪ ಹೋದ ಭಾನುವಾರ ಬೆಳಿಗ್ಗೆ ತೀರಿಕೊಂಡರು. ನಿನ್ನ ಕಾರ್ಖಾನೆಗೆ ಫೋನು ಹತ್ತಲೇ ಇಲ್ಲ.

ಇಪ್ಪತ್ತೆರಡು ವರ್ಷ ನಾವಿಬ್ಬರೂ ಎತ್ತದ ಮಾತನ್ನು ಇವತ್ತು ಎತ್ತುತ್ತೇನೆ. ಪ್ರೇಮದ ಹಾಡು ಯಾರು ಬೇಕಾದರೂ ಹಾಡುತ್ತಾರೆ, ಹೆದರಿಸುವ ಚಿತ್ರ ಹಾಕಿದರೆ ರಾಕ್ ರೆಕಾರ್ಡಿಗೆ ಹುಡುಗರು ಮುಗಿಬೀಳುತ್ತಾರೆ ಎಂದು ರೆಕಾರ್ಡ್ ಕಂಪನಿಯ ಮ್ಯಾನೇಜರು ನಿಮ್ಮ ಬ್ಯಾಂಡಿನ ನಾಲ್ವರಿಗೂ ಹೇಳಿದನಲ್ಲ. ನಿನ್ನ ಹಾಡಿನಲ್ಲಿ ಇದ್ದವಳು ಬಸ್ಸು ತಪ್ಪಿಸಿಕೊಂಡ ಹುಡುಗಿ. ರೆಕಾರ್ಡಿನ ಹೊದಿಕೆಯ ಮೇಲೆ ನಾನು ಬರೆದದ್ದು ಕೊಂಬಿನ ತಲೆಬುರುಡೆ, ತಲೆಕೆಳಗಾದ ನಕ್ಷತ್ರ, ಕಪ್ಪು ಮೇಣದಬತ್ತಿ. ಕೊಂಬು ಮಕ್ಕಳ ಪುಸ್ತಕದ ಆಡಿನದು, ನಕ್ಷತ್ರ ನಿನ್ನ ಕಂಪಾಸಿನಿಂದ ಎಳೆದದ್ದು. ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆವು. ಸೈತಾನನ ಪರಿಚಯ ನಮಗಿದ್ದದ್ದು ಅಷ್ಟೇ.

ಡ್ರಮ್ ಬಾರಿಸುವ ಗುಂಡ ವ್ಯಾನು ಉರುಳಿ ಸತ್ತ ಮೇಲೆ ಆ ನಗು ನಿಂತಿತು. ಸೈತಾನ ತನ್ನ ಪಾಲು ವಸೂಲು ಮಾಡಿದ ಎಂದು ಬೀದಿಯೆಲ್ಲ ಆಡಿಕೊಂಡಿತು. ಗುಂಡನ ತಾಯಿ ಆ ಹೊದಿಕೆಯನ್ನು ನಮ್ಮ ಬಾಗಿಲಿಗೆ ಮೊಳೆ ಹೊಡೆದು ಹೋದರು. ಅಪ್ಪನ ಹೊಲಿಗೆ ಅಂಗಡಿಗೆ ಬಟ್ಟೆ ಕೊಟ್ಟಿದ್ದವರು ಹೊಲಿಸದೆಯೇ ವಾಪಸು ಒಯ್ದರು. ಅಪ್ಪ ಹೊದಿಕೆ ಕಿತ್ತು ತಂದು, “ಯಾರು ಬರೆದಿದ್ದು ಇದನ್ನ?” ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ನೀನು “ನಾನೇ” ಅಂದುಬಿಟ್ಟೆ. ತೆರೆದ ಬಾಯಿ ಮುಚ್ಚಿಕೊಂಡೆ. ಅಚ್ಚುಕೂಟದ ಕೆಲಸ ಹೋದೀತೆಂಬ ಭಯ, ಬೇರೇನೂ ಅಲ್ಲ. ಅಪ್ಪ ಮನೆ ಬಿಡು ಎಂದರು, ಸಂಜೆಯೊಳಗೆ ನೀನು ಚೀಲ ಹೆಗಲಿಗೇರಿಸಿ ಹೋದೆ.

ಆಮೇಲೆ ನಿನ್ನ ಕಾಗದ ಬಂದಾಗಲೆಲ್ಲ ಅಪ್ಪ ಎದ್ದು ಹೊರಗೆ ಹೋಗುತ್ತಿದ್ದರು. ಸಿಟ್ಟು ಇಳಿದಿಲ್ಲವೆಂದುಕೊಂಡು ಸುಮ್ಮನಿದ್ದೆ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎನ್ನುತ್ತಲೇ ನನ್ನ ತಲೆಯೂ ನೆರೆಯಿತು.

ಈಗ ಬಾ ಎನ್ನಲು ಬಾಯಿ ಬರುತ್ತಿಲ್ಲ. ಯಾರನ್ನು ನೋಡಲು ಬರುತ್ತೀಯ? ಅಂಗಡಿಗೆ ಬೀಗ ಬಿದ್ದಿದೆ. ಗುಂಡನ ತಾಯಿ ಈಗಲೂ ನನ್ನನ್ನು ಕಂಡರೆ ರಸ್ತೆಯ ಆಚೆ ಬದಿಗೆ ಹೋಗುತ್ತಾರೆ.

ಹೊತ್ತಿಗೆ ಸರಿಯಾಗಿ ಉಣ್ಣು. ಎಲ್ಲಿದ್ದರೂ ತಣ್ಣಗಿರು.

ನಿನ್ನ ಬಾಯಿಲ್ಲದ
ಅಕ್ಕ

ತಾ.ಕ.: ಅಂಚೆಯವನು ಬರುವ ಹೊತ್ತಾಯಿತು, ಬರೆಯದೆ ಇರಲೂ ಆಗುತ್ತಿಲ್ಲ. ತೀರಿಕೊಳ್ಳುವ ಎರಡು ದಿನ ಮೊದಲು, ಶುಕ್ರವಾರ, ಅಪ್ಪನಿಗೆ ಹೇಳಿಬಿಟ್ಟೆ, ಆ ಚಿತ್ರ ಬರೆದದ್ದು ನಾನು ಎಂದು. ಅವರಿಗೆ ಆಶ್ಚರ್ಯವೇ ಆಗಲಿಲ್ಲ. “ಅವತ್ತೇ ಗೊತ್ತಿತ್ತಮ್ಮ. ನಿನ್ನ ಗೆರೆ ನನಗೆ ಗೊತ್ತಾಗಲ್ವಾ? ಬೀದಿಯವರ ಬಾಯಿ ಮುಚ್ಚಿಸೋಕೆ ಯಾರಾದ್ರೂ ಒಬ್ರು ಹೋಗಬೇಕಿತ್ತು. ಅವನು ಗಂಡು, ಹೇಗೋ ಬದುಕ್ಕೋತಾನೆ ಅಂದ್ಕೊಂಡೆ” ಎಂದರು. ಮತ್ತೆ ಯಾಕೆ ವಾಪಸು ಕರೆಯಲಿಲ್ಲ ಎಂದು ಕೇಳಿದೆ. ಗೋಡೆಯ ಕಡೆ ಹೊರಳಿ ಮಲಗಿದರು.