ಏಳು ಲೋಟದ ಹೂವು

೧೪ ಮಾರ್ಚ್, ಗುರುವಾರ

ಪ್ರೀತಿಯ ಅಕ್ಕ,

ನಿನ್ನ ಎರಡು ಕಾಗದಕ್ಕೂ ಸೇರಿಸಿ ಒಂದೇ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಪಾಪುಗೆ ಎರಡು ಹಲ್ಲು ಒಟ್ಟಿಗೆ ಬರುತ್ತಿವೆ. ನಾನು ಒಂದೇ ಸಮನೆ ಎರಡು ಗಂಟೆ ಮಲಗಿ ಎಷ್ಟು ದಿನವಾಯಿತೋ ನೆನಪಿಲ್ಲ. ನಿನ್ನೆ ಹಲ್ಲುಜ್ಜುವ ಬ್ರಷ್ಷಿಗೆ ಮಗುವಿನ ಮುಲಾಮು ಹಚ್ಚಿಕೊಂಡೆ. ನಗು, ಪರವಾಗಿಲ್ಲ. ಭಾವನ ಬೆನ್ನುನೋವು ಹೇಗಿದೆ?

ನನ್ನ ಹೂವುಗಳು ಏನು ಮಾಡುತ್ತಿವೆ ಎಂದು ಕೇಳಿದ್ದೀಯ. ಎಸೆದೆ. ಲೋಟಗಳ ಸಮೇತ ಎಸೆದೆ. ಈಗ ಹೂವು ಕಂಡರೆ ಹೇಸಿಗೆಯಾಗುತ್ತದೆ.

ನಮ್ಮ ಕಾಲೇಜಿನ ಡ್ರಾಯಿಂಗ್ ಮೇಷ್ಟ್ರ ಪದ್ಧತಿ ನಿನಗೆ ಗೊತ್ತಲ್ಲ, ಅಮ್ಮ ಅದಕ್ಕೇ ನನ್ನ ಕೋಣೆಗೆ ಕಾಲಿಡುತ್ತಿರಲಿಲ್ಲ. ಒಂದು ಹೂವನ್ನು ಏಳು ದಿನವೂ ಬರೆಯಬೇಕು, ಅದು ಕೊಳೆಯುವವರೆಗೆ. ಪ್ರತಿ ಚಿತ್ರದ ಕೆಳಮೂಲೆಯಲ್ಲಿ ಶುರು ಮಾಡಿದ ಹೊತ್ತು, ಮುಗಿಸಿದ ಹೊತ್ತು ಹಾಕಬೇಕು. "ಹೂವು ನಿಮಗೋಸ್ಕರ ಕಾಯಲ್ಲ. ನೀವು ಎಷ್ಟು ಕಾಯಿಸಿದ್ರಿ ಅಂತ ಬರೆದಿಡಿ" ಎನ್ನುತ್ತಿದ್ದರು. ಬೆಡ್‌ಶೀಟ್ ಕಂಪನಿಗೆ ಮನೆಯಿಂದಲೇ ಹೂವಿನ ಡಿಸೈನ್ ಬರೆದುಕೊಡಲು ಶುರು ಮಾಡಿದ ಮೇಲೂ ನಾನು ಅದನ್ನು ಬಿಡಲಿಲ್ಲ. ಕಿಟಕಿಯ ಕಟ್ಟೆಯ ಮೇಲೆ ಏಳು ಗಾಜಿನ ಲೋಟ, ಒಂದೊಂದರಲ್ಲಿ ಒಂದೊಂದು ದಿನದ ಹೂವು.

ಏಳನೆಯ ಲೋಟವನ್ನು ನೀನು ಮೂಸಿ ನೋಡಬೇಕಿತ್ತು. ದಂಟಿಗೆಲ್ಲ ಲೋಳೆ, ನೀರಿನ ಮೇಲೆ ಕೆನೆಯಂಥದ್ದು. ಆ ನಾತ ನನ್ನ ಕೂದಲಿಗೆ, ಪಾಪುವಿನ ಬಟ್ಟೆಗೆ, ಹಾಲಿನ ಬಾಟಲಿಗೆ ಎಲ್ಲಕ್ಕೂ ಹತ್ತಿಕೊಂಡಿತ್ತು. ಇಷ್ಟೆಲ್ಲ ಕೊಳೆಸಿ ಬರೆದದ್ದಕ್ಕೆ ಮ್ಯಾನೇಜರ್ ಫೋನಿನಲ್ಲಿ ಹೇಳಿದ್ದೇನು ಗೊತ್ತಾ? "ಚೆನ್ನಾಗಿದೆ ಮೇಡಂ, ಆದ್ರೆ ಹೂವು ಏನೋ ಯೋಚನೆ ಮಾಡ್ತಿರೋ ಹಾಗಿದೆ. ಹಾಸಿಗೆ ಮೇಲೆ ಯೋಚನೆ ಯಾರಿಗೆ ಬೇಕು? ಸ್ವಲ್ಪ ನಗಿಸಿ." ಥೂ!

ಹೋದ ಶುಕ್ರವಾರ ಇವರು ಆಫೀಸಿನ ಬೇಲಿಯಿಂದ ಗುಲಾಬಿ ಬಣ್ಣದ ಕಣಗಿಲೆ ಕಿತ್ತು ತಂದರು. "ಬಣ್ಣ ನೋಡು, ನಿನ್ನ ಮ್ಯಾನೇಜರ್ ಖಂಡಿತ ನಗ್ತಾನೆ" ಎಂದರು.

"ಅದು ವಿಷ ಕಣ್ರೀ."

"ನೀನೇನು ಪಲ್ಯ ಮಾಡ್ತೀಯಾ?"

ಮರುದಿನ ಬೆಳಿಗ್ಗೆ ಕಟ್ಟೆ ಒರೆಸಲು ಇವರೇ ಲೋಟಗಳನ್ನು ಎತ್ತಿ ಮೋಟು ಸ್ಟೂಲಿನ ಮೇಲಿಟ್ಟರು. ವಾಪಸ್ ಇಡುವುದನ್ನು ಮರೆತು ಅಂಗಡಿಗೆ ಹೋದರು. ಪಾಪು ಈಗ ಏನು ಸಿಕ್ಕಿದರೂ ಹಿಡಿದು ಎದ್ದು ನಿಲ್ಲುತ್ತಾಳೆ. ಸ್ಟೂಲು ಹಿಡಿದು ನಿಂತಿದ್ದಾಳೆ. ನಾನು ಅಡುಗೆಮನೆಯಿಂದ ಬರುವಷ್ಟರಲ್ಲಿ ಕಣಗಿಲೆ ಬಾಯಲ್ಲಿತ್ತು.

ಚಪ್ಪಲಿಯನ್ನೂ ಮೆಟ್ಟದೆ ಆಸ್ಪತ್ರೆಗೆ ಓಡಿದೆ. "ಬಾಯಲ್ಲಿ ಎಷ್ಟು ಹೊತ್ತು ಇತ್ತಮ್ಮ?" ಎಂದು ಡಾಕ್ಟರಮ್ಮ ಕೇಳಿದರು. "ನೋಡಿದ ತಕ್ಷಣ ತೆಗೆದೆ" ಎಂದೆ. ಎರಡು ಸಲ ವಾಂತಿಯಾಯಿತು. ಅಷ್ಟು ಚಿಕ್ಕ ಎದೆಗೆ ತಂತಿಗಳನ್ನು ಅಂಟಿಸಿ ಒಂದು ದಿನ ಪೂರ್ತಿ ಇಟ್ಟುಕೊಂಡಿದ್ದರು. ಈಗ ಚೆನ್ನಾಗಿದ್ದಾಳೆ ಅಕ್ಕ, ಗಾಬರಿಯಾಗಬೇಡ. ಈ ಕಾಗದದ ಅಂಚು ಕಚ್ಚಿರುವುದು ಅವಳೇ.

ಇವರು ಅಂದಿನಿಂದ ತಲೆಯೆತ್ತಿ ಮಾತಾಡಿಲ್ಲ. "ನನ್ನಿಂದಾನೇ ಆಯ್ತು ಕಣೇ" ಎನ್ನುತ್ತಾರೆ. "ಹೌದು, ನಿಮ್ಮಿಂದಾನೇ" ಎನ್ನುತ್ತೇನೆ. ಅತ್ತೆ ಓಡಿ ಬಂದವರು ಮಗನ ನೀರಿಳಿಸಿದರು: "ಲೋಟ ಎತ್ತಿಡುವಾಗ ಬುದ್ಧಿ ಎಲ್ಲಿ ಎತ್ತಿಟ್ಟಿದ್ದೆಯೋ?" ಆಮೇಲೆ ನನ್ನ ತಲೆ ಸವರಿ, "ನೀನಿದ್ದೆ, ಮಗು ಉಳೀತು" ಎಂದರು. ಹಾಲು ಕಾಯಿಸುವ ನೆವ ಹೇಳಿ ಎದ್ದು ಹೋದೆ.

ಇನ್ನು ಡಿಸೈನ್ ಬರೆಯುವುದಿಲ್ಲ ಎಂದು ಕಂಪನಿಗೆ ಹೇಳಿಬಿಟ್ಟೆ. ನಿನ್ನ ತೋಟದ ಫೋಟೋಗಳನ್ನು ಸ್ವಲ್ಪ ದಿನ ಕಳಿಸಬೇಡ, ಬೇಜಾರು ಮಾಡಿಕೊಳ್ಳಬೇಡ.

ಭಾವನಿಗೆ ನಮಸ್ಕಾರ. ನಿನ್ನ ಇಬ್ಬರೂ ತುಂಟರು ನೂರು ವರ್ಷ ಚೆನ್ನಾಗಿರಲಿ. ನಮ್ಮ ಪಾಪುವಿನ ತಲೆಯ ಮೇಲೆ ಅಲ್ಲಿಂದಲೇ ಒಮ್ಮೆ ಕೈಯಿಡು.

ನಿನ್ನ ತಂಗಿ,
ಗೀಚಿ

ತಾ.ಕ.: ಜೊತೆಗೊಂದು ಹಾಳೆ ಮಡಚಿಟ್ಟಿದ್ದೇನೆ. ಬಿಚ್ಚುವ ಮುಂಚೆ ಇದನ್ನು ಓದು. ನಾನು ಅಡುಗೆಮನೆಯಲ್ಲಿರಲಿಲ್ಲ. ಪೆನ್ಸಿಲ್ ಹಿಡಿದು ಅವಳ ಎದುರಿಗೇ ಕೂತಿದ್ದೆ. ಕಿಟಕಿಯ ಬೆಳಕು ಕೆನ್ನೆಯ ಮೇಲೆ ಬಿದ್ದಿತ್ತು, ಒದ್ದೆ ತುಟಿಗೆ ಆ ಗುಲಾಬಿ ಎಸಳು ಅಂಟಿತ್ತು, ನನ್ನನ್ನು ನೋಡಿ ನಗುತ್ತಿದ್ದಳು. ಅದು ಯಾವ ಹೂವೆಂದು ಗೊತ್ತಿತ್ತು, ಅಕ್ಕ. ಗೊತ್ತಿದ್ದೂ ಕೈ ನಿಲ್ಲಲಿಲ್ಲ. ಇಷ್ಟು ಚೆನ್ನಾಗಿ ನಾನು ಯಾವತ್ತೂ ಬರೆದಿಲ್ಲ. ನಾಲ್ಕು ಸಲ ಹರಿಯಲು ಹೋದೆ, ಆಗಲಿಲ್ಲ. ಇವರ ಕಣ್ಣಿಗೆ ಬೀಳುವ ಮುಂಚೆ ನಿನಗೆ ಕಳಿಸುತ್ತಿದ್ದೇನೆ. ಕೆಳಮೂಲೆ ನೋಡು, ಅಭ್ಯಾಸದಂತೆ ಹೊತ್ತನ್ನೂ ಹಾಕಿದ್ದೇನೆ: ಶುರು, ಹತ್ತು ಇಪ್ಪತ್ತು. ಮುಗಿದದ್ದು, ಹತ್ತು ಇಪ್ಪತ್ತಮೂರು.